ಕದ್ದ ರೀಲಿನ ವಿಚಾರಣೆ

ಫಕ್ರುದ್ದೀನನ ತಂಬಿನಲ್ಲಿ ಆ ಭಾನುವಾರ ಮುಂಜಾನೆ ಸಿನಿಮಾ ಇರಲಿಲ್ಲ, ನ್ಯಾಯ ಇತ್ತು. ಟಿಕೋಟಾದ ಹಿರಿಯ ಸಿದ್ದರಾಯ ಗೌಡರು ಕುರ್ಚಿಯ ಮೇಲೆ ಕುಳಿತಿದ್ದರು. ತಂಬಿನ ಮಾಲೀಕ ಫಕ್ರುದ್ದೀನ ಕೈಕಟ್ಟಿ ನಿಂತಿದ್ದ. ಫಿರ್ಯಾದಿ ಪರಸಪ್ಪ ಮಾತ್ರ ತಾನೇ ನ್ಯಾಯಾಧೀಶನೆಂಬಂತೆ ಅತ್ತಿಂದಿತ್ತ ಅಡ್ಡಾಡುತ್ತಿದ್ದ.

ಫಿರ್ಯಾದು ಸಣ್ಣದಲ್ಲ. ‘ಏಳು ಬಾಗಿಲ ಪಾತಾಳ’ ಸಿನಿಮಾದ ಮೊದಲ ಭಾಗದ ಅರ್ಧ ಕಥೆಯನ್ನೇ ಫಕ್ರುದ್ದೀನ ಕತ್ತರಿಸಿ ಮಾರಿಕೊಂಡಿದ್ದಾನೆ ಎಂಬುದು. ಆಟ ಬೇಗ ಮುಗಿಯಲೆಂದು ತಂಬಿನವರು ರೀಲು ನುಂಗುವುದು ಊರಿಗೆಲ್ಲ ಗೊತ್ತಿದ್ದ ವಿದ್ಯೆ. ಹಾಗಾಗಿ ಅವನ ಆಣೆ ಪ್ರಮಾಣಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಬೀತಾದರೆ ತಂಬು ಕಿತ್ತುಕೊಂಡು ಊರು ಬಿಡಬೇಕೆಂದು ಗೌಡರು ಮೊದಲೇ ಹೇಳಿದ್ದರು. ಅವನ ಹೆಂಡತಿ ಶಹಜಾದಿ ಬಾಗಿಲ ಬಳಿ ನಿಂತು ಅಳುತ್ತಿದ್ದಳು.

ಪರಸಪ್ಪ ವಿಜಾಪುರದ ಜಲನಗರದ ಗುಮಾಸ್ತ. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದವನು, ಪಾತಾಳ ನೋಡಿದ ಮೇಲೆ ಪಾತಾಳಕ್ಕೇ ಬಿದ್ದ. ಹಾರುವ ಕುದುರೆ ಪರದೆಗೆ ಬಂದರೆ ಚಪ್ಪಲಿ ಬಿಟ್ಟು ಎದ್ದು ನಿಲ್ಲುತ್ತಿದ್ದ. ಎರಡನೆಯ ಭಾಗ ಬರುವಷ್ಟರಲ್ಲಿ ಸೊಲ್ಲಾಪುರ ರಸ್ತೆಯ ಸೈಕಲ್ ಅಂಗಡಿಯೊಂದರಲ್ಲಿ ಪಾತಾಳ ಭಕ್ತ ಮಂಡಳಿ ಕಟ್ಟಿ, ತಾನೇ ಅಧ್ಯಕ್ಷನಾದ. ಮೂರನೆಯ ಭಾಗಕ್ಕೆ ಮೊದಲ ತೆಂಗಿನಕಾಯಿ ಒಡೆಯುವ ಹಕ್ಕು ಅವನದೇ. ಹೆಂಡತಿ ರುಕ್ಮವ್ವನನ್ನು ಮಾತ್ರ ಒಮ್ಮೆಯೂ ಕರೆದೊಯ್ದಿರಲಿಲ್ಲ. ಮರ್ಯಾದಸ್ಥರ ಮನೆಯ ಹೆಂಗಸರಿಗೆ ಅದು ತಕ್ಕ ಜಾಗವಲ್ಲವಂತೆ.

ಒಂದು ದಿನ ಊಟಕ್ಕೆ ಕುಳಿತು ಅದೇ ಕಥೆ ಕೊಚ್ಚುತ್ತಿದ್ದಾಗ, ರೊಟ್ಟಿ ಬಡಿಯುತ್ತಿದ್ದ ರುಕ್ಮವ್ವ ತಲೆ ಎತ್ತದೆ ಕೇಳಿದಳು.

“ಎರಡು ತಲಿ ಒಂಟಿ ಬರ್ಲಿಲ್ಲೇನ್ರಿ? ನಮ್ಮ ಟಿಕೋಟಾದ ತಂಬಿನಾಗ ಬಂದಿತ್ತಲ್ಲ.”

ಪರಸಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ತವರಿಗೆ ಹೋದವಳು ತನ್ನನ್ನು ಕೇಳದೆ ಸಿನಿಮಾಕ್ಕೆ ಹೋದಳೆಂಬ ಸಿಟ್ಟಿಗಿಂತ, ತಾನು ಕಾಣದ್ದನ್ನು ಅವಳು ಕಂಡಳೆಂಬ ಹೊಟ್ಟೆಕಿಚ್ಚೇ ದೊಡ್ಡದಾಯಿತು. ಅಂದಿನಿಂದ ದಿನಕ್ಕೊಂದು ದೃಶ್ಯ ಹೇಳಿಸಿಕೊಂಡ. ರೊಟ್ಟಿ ಬಡಿಯುವಾಗ ಶುರುವಾದದ್ದು ಹಿಟ್ಟು ತೀರಿದಾಗ ಮುಗಿಯುತ್ತಿತ್ತು. ಒಂಟೆಯಾಯಿತು, ಅಳುವ ಗುಡ್ಡವಾಯಿತು. ಬಳಿಕ, ಹೆಂಡತಿಯನ್ನು ಏಳು ಬೀಗದ ಹಿಂದೆ ಇಟ್ಟು ತಾನೊಬ್ಬನೇ ಮೋಜು ತಿರುಗುವ ರಾಕ್ಷಸ ಬಂದ. ರಾಣಿ ಆ ರಾಕ್ಷಸನನ್ನು ಒದೆಯುವಲ್ಲಿ ಪರಸಪ್ಪ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದ.

ಇದನ್ನೆಲ್ಲ ಕಣ್ಣಾರೆ ಕಾಣಲು ಅವನು ಅಲೆಯದ ತಂಬಿಲ್ಲ. ಬಬಲೇಶ್ವರದಲ್ಲಿ ಆರು ಸಲ ನೋಡಿದ, ಕಾಖಂಡಕಿಯಲ್ಲಿ ನಾಲ್ಕು ಸಲ. ಒಂಟೆ ಬರಲಿಲ್ಲ. ಕೊನೆಗೆ ಟಿಕೋಟಾಕ್ಕೇ ಬಂದು ನೋಡಿದರೆ ಅಲ್ಲೂ ಇಲ್ಲ. ಇದ್ದದ್ದು ಮಾಯವಾಗಿದೆ ಎಂದ ಮೇಲೆ ಕಳ್ಳ ಯಾರೆಂದು ಬೇರೆ ಹೇಳಬೇಕೆ?

ಮಂಡಳಿಯ ಸದಸ್ಯರು ಒಬ್ಬೊಬ್ಬರಾಗಿ ಸಾಕ್ಷಿ ನುಡಿದರು. ಸಿನಿಮಾ ಮೊದಲ ಸಲ ಬಂದಾಗ ತಾವೂ ಒಂಟೆಯನ್ನು ಇಲ್ಲೇ ನೋಡಿದ್ದೇವೆ ಎಂದರು. ಗೊಲ್ಲಾಳಪ್ಪ ಒಂಟೆಯ ಬಣ್ಣವನ್ನೂ ಹೇಳಿದ. ರಾಮಲಿಂಗ ತಾನೇನು ಕಡಿಮೆ ಎಂದು ಅದಕ್ಕೆ ಮೂರು ತಲೆ ಇತ್ತೆಂದ. ಅಧ್ಯಕ್ಷ ಕಣ್ಣು ಬಿಟ್ಟ ಮೇಲೆ ಒಂದನ್ನು ಇಳಿಸಿಕೊಂಡ. ಇಷ್ಟು ಜನ ಹೇಳುವಾಗ ಫಕ್ರುದ್ದೀನನಿಗೂ ತನ್ನ ಮೇಲೇ ಅನುಮಾನ ಬಂದಿರಬೇಕು. ಪೆಟ್ಟಿಗೆ ತೆರೆದು ಮತ್ತೊಮ್ಮೆ ಹುಡುಕಿದ.

ಆಗ ಪರಸಪ್ಪ ತನ್ನ ಮುಖ್ಯ ಸಾಕ್ಷಿಯನ್ನು ಕರೆದ. ರುಕ್ಮವ್ವ ಸೆರಗು ಹೊದ್ದು ಒಳಗೆ ಬಂದಳು. ತಂಬಿನ ನಡುವಿನ ಮೋಟುಗೋಡೆ ದಾಟಿ ಹೆಂಗಸರ ಕಡೆ ಹೋಗುವುದು ಬಿಟ್ಟು ಗಂಡಸರ ನಡುವೆಯೇ ಕುಳಿತಳು. ಗಾಬರಿಯಾಗಿದ್ದಾಳೆ ಎಂದುಕೊಂಡು ಯಾರೋ ಎಬ್ಬಿಸಿ ಆಚೆ ಕೂರಿಸಿದರು.

ಕಂಡದ್ದನ್ನೆಲ್ಲ ಹೆದರದೆ ಹೇಳು ಎಂದು ಪರಸಪ್ಪ ಗತ್ತಿನಿಂದ ಹೇಳಿದ. ಅವಳು ಅವನತ್ತ ನೋಡಲಿಲ್ಲ, ಶಹಜಾದಿಯತ್ತ ನೋಡಿದಳು. ಮುಖ ಸಪ್ಪಗಾಯಿತು.

“ಖರೇನ ಇವರ ತಂಬು ಕೀಳಸ್ತೀರೇನ್ರಿ ಯಪ್ಪಾ?” ಎಂದು ಗೌಡರನ್ನು ಕೇಳಿದಳು.

“ನೀ ನೋಡಿದ್ದು ಖರೇ ಇದ್ರ ಕೀಳಸಬೇಕಾಗತೈತಿ, ತಂಗಿ.”

ಪರಸಪ್ಪ ಮೀಸೆ ತಿರುವಿದ. ಗೊಲ್ಲಾಳಪ್ಪ, ರಾಮಲಿಂಗ ಚಪ್ಪಾಳೆಗೆ ಕೈ ಎತ್ತಿದರು.

“ಹಂಗಾರ ಕೀಳಸಬ್ಯಾಡ್ರಿ,” ಎಂದಳು ರುಕ್ಮವ್ವ. “ಸಿನಿಮಾ ಅನ್ನೂದನ್ನ ನಾ ಇನ್ನೂ ಕಣ್ಣಿಲೆ ಕಂಡಿಲ್ಲ. ತಂಬಿನೊಳಗ ಕಾಲಿಟ್ಟಿದ್ದ ಇವತ್ತ ಮೊದಲರಿ.”