ಟ್ವೈಲಾ ತುಂಬಿದ ತೋಟಾ

"ಕಾಫಿ ಡಬ್ಬಿ ಎಲ್ಲಿಟ್ಟಿದ್ದೀಯೇ?" ಎಂದು ಆರ್ವಿಲ್ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೂಗಿದಾಗ ಸೊಸೆ ಟ್ವೈಲಾಳ ಕೈಯಲ್ಲಿ ಕೋವಿಮದ್ದು ಅಳೆಯುವ ಚಮಚ ಇತ್ತು. "ಒಲೆ ಮೇಲಿನ ಕಪಾಟಲ್ಲಿ, ಮಾವ," ಎಂದು ಹೇಳಿ ಮತ್ತೆ ಮೇಜಿನತ್ತ ತಿರುಗಿದಳು. ಖಾಲಿ ಹಿತ್ತಾಳೆ ತೋಟಾಕ್ಕೆ ಮದ್ದು ಸುರಿಯುವುದು, ಅದರ ಬಾಯಿಗೆ ಸೀಸದ ಗುಂಡು ಇಟ್ಟು ಯಂತ್ರದ ಹಿಡಿ ಒತ್ತುವುದು, ಆಮೇಲೆ ಇನ್ನೊಂದು. ಪೆಟ್ಟಿಗೆ ತುಂಬಿ, ಮೇಜು ಒರೆಸುವಾಗ ಅವಳಿಗೆ ಅನುಮಾನ ಬಂತು. ಮಾವ ಕೂಗಿದಾಗ ಮುಂದಿದ್ದ ತೋಟಾಕ್ಕೆ ಮದ್ದು ಹಾಕಿ ಆಗಿತ್ತೇ, ಇಲ್ಲವೇ? ಹಾಕಿದ್ದಕ್ಕೇ ಮತ್ತೆ ಹಾಕಿದ್ದರೆ?

ಮಾವನ ಕೋವಿಯದು ಹಳೇ ಕಾಲದ, ಬೆರಳು ದಪ್ಪದ ತೋಟಾ. ಅದಕ್ಕೆ ಹಾಕುವ ಮದ್ದು ಅರ್ಧಕ್ಕೂ ಬರುವುದಿಲ್ಲ. ಎರಡು ಪಾಲು ಸುರಿದರೂ ಚಕಾರವೆತ್ತದೆ ನುಂಗಿಕೊಳ್ಳುತ್ತದೆ. ಉಗುಳುವುದು ಮಾತ್ರ ಕೋವಿಯನ್ನೇ ಸಿಡಿಸಿ, ಹೊಡೆದವರ ಮುಖಕ್ಕೆ.

ಆರ್ವಿಲ್ ಜೀವಮಾನದಲ್ಲಿ ತಾನು ತುಂಬದ ತೋಟಾ ಹೊಡೆದವನಲ್ಲ. ಸಾಮನ್ ನದಿಯ ಈ ಕಣಿವೆಯಲ್ಲಿ ನಾವೆಲ್ಲ ಹಾಗೆಯೇ. ಪಿಕಪ್ ಎರವಲು ಕೊಟ್ಟೇವು, ಹೊಡೆದ ಎಲ್ಕ್ ಜಿಂಕೆಯ ತೊಡೆಯನ್ನೇ ಪಕ್ಕದ ಮನೆಗೆ ಕಳಿಸಿಯೇವು, ಆದರೆ ಇನ್ನೊಬ್ಬರು ತುಂಬಿದ ತೋಟಾವನ್ನು, ಅದು ಒಡಹುಟ್ಟಿದವನದೇ ಆಗಲಿ, ನಮ್ಮ ಕೋವಿಗೆ ಹಾಕುವುದಿಲ್ಲ. ಈಗ ಆರ್ವಿಲ್‌ನ ಕೈ ನಡುಗುತ್ತದೆ. ಮರಳಿನ ಚೀಲದ ಮೇಲೆ ಕೋವಿ ಇಟ್ಟರೆ ಗುರಿ ತಪ್ಪುವುದಿಲ್ಲ, ಆದರೆ ಚಮಚದಲ್ಲಿ ಮದ್ದು ನಿಲ್ಲುವುದಿಲ್ಲ. ಕೋವಿ ಮಾರಿಬಿಡುತ್ತೇನೆ ಎಂದು ಬೇಸಿಗೆಯಲ್ಲೇ ಹೇಳಿಬಿಟ್ಟಿದ್ದ. ಟ್ವೈಲಾಳ ಗಂಡ ದೂರದ ಎಣ್ಣೆ ಬಾವಿಯ ಕೆಲಸದಲ್ಲಿದ್ದ. ಶಾಲೆಯ ಬಸ್ಸು ಓಡಿಸುವ ಟ್ವೈಲಾ ಅಡ್ಡ ನಿಂತಳು. "ಮಾರೋದು ಬೇಡ, ತುಂಬೋದು ನನಗೆ ಕಲಿಸಿ. ಈ ಚಳಿಗಾಲದ ಮಾಂಸ ನಾನು ತರ್ತೀನಿ." ಮಾವ ನಕ್ಕಿದ್ದ. "ಕೇಕಿನ ಹಿಟ್ಟು ಅಳೆದಂಗಲ್ಲ ಕಣೇ ಇದು. ಕಲಿತ್ರೂ ನಿನ್ನ ತೋಟಾ ನೀನೇ ಹೊಡ್ಕೋ. ನಾನಂತೂ ಮುಟ್ಟಲ್ಲ." ನಾಳೆ ಬೇಟೆಯ ಮೊದಲ ದಿನ.

ಆರ್ವಿಲ್ ಕಾಫಿ ಹಿಡಿದು ಬಂದಾಗ ಅವಳು ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದ್ದಳು.

"ಏನಾಯ್ತೇ?"

"ನೀವು ಕೂಗಿದಾಗ ನನಗೆ ಎಲ್ಲಿದ್ದೆ ಅನ್ನೋದೇ ತಪ್ಪಿಹೋಯ್ತು ಮಾವ. ಯಾವುದೋ ಒಂದಕ್ಕೆ ಎರಡು ಸಲ ಬಿದ್ದಿರಬಹುದು."

"ಬಿದ್ದಿದೆಯೋ, ಬಿದ್ದಿರಬಹುದೋ?"

"ಅದು ಗೊತ್ತಿದ್ರೆ ಹಿಂಗ್ಯಾಕೆ ಕೂತಿರ್ತಿದ್ದೆ?"

ಮೇಜಿನ ಮುಂದೆ ಕೂತವರನ್ನು ಮಾತಾಡಿಸಬಾರದು ಎಂದು ಕಲಿಸಿದವನೂ ಅವನೇ, ಮಾತಾಡಿಸಿದವನೂ ಅವನೇ. ಅದು ಚೆನ್ನಾಗಿ ಗೊತ್ತಿದ್ದರಿಂದಲೇ ಮುದುಕನಿಗೆ ಅವಳ ಮೇಲೆ ಸಿಟ್ಟು ಬಂತು.

"ಕಿವಿ ಹತ್ರ ಅಲ್ಲಾಡ್ಸಿ ನೋಡು. ತಕ್ಕಡೀಲಿ ಇಟ್ಟು ನೋಡು. ಅಷ್ಟಕ್ಕೆ ಇಷ್ಟು ರಂಪ!"

"ಗುಂಡು ಎರಕ ಹೊಯ್ದೋರು ನೀವು. ಒಂದರ ತೂಕ ಇನ್ನೊಂದಕ್ಕಿಲ್ಲ. ತಕ್ಕಡಿ ನೋಡಿ ಏನಂತ ನಂಬ್ಲಿ?"

"ನಿನ್ನ ಬಾಯಿಗೆ ಬೀಗ ಇಲ್ಲ. ಬೆಳಕಿರೋವಾಗ್ಲೇ ಗುರಿ ನೋಡ್ಕೋಬೇಕು. ಇದನ್ನೆಲ್ಲ ಬಿಚ್ತಾ ಕೂತ್ರೆ ನಾಳೆ ಬೇಟೆ ಬಿಟ್ಟು ಡಬ್ಬಿ ಬೀನ್ಸ್ ತಿನ್ಬೇಕಾಗುತ್ತೆ."

"ತಿನ್ನೋಣ ಬಿಡಿ. ತಿನ್ನೋಕೆ ಬಾಯಾದ್ರೂ ಇರುತ್ತಲ್ಲ."

ಗುಂಡು ಬಿಡಿಸುವ ಪ್ಲಾಸ್ಟಿಕ್ ಸುತ್ತಿಗೆ ತೆಗೆದುಕೊಂಡಳು. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಬಿದ್ದ ಮದ್ದನ್ನು ಚಮಚಕ್ಕೆ ಸುರಿದು ನೋಡುವುದು, ಮತ್ತೆ ಕುಟ್ಟುವುದು. ತೋಳು ನೋಯತೊಡಗಿತು. ಮಾವ ಎದುರಿಗೇ ಕೂತು ಗೊಣಗುತ್ತಿದ್ದ. ಕೊನೆಯ ತೋಟಾ ಬಿಚ್ಚಿದಾಗ ಚಮಚ ಸರಿಯಾಗಿ ತುಂಬಿತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಲ್ಲವೂ ಹಾಗೆಯೇ ಇದ್ದವು.

"ನೋಡಿದ್ಯಾ?" ಮುದುಕ ಮೇಜು ಕುಟ್ಟಿದ. "ಒಂದೂ ತಪ್ಪಿರ್ಲಿಲ್ಲ! ಇಡೀ ಮಧ್ಯಾಹ್ನ ಮಣ್ಣುಪಾಲು!"

"ನನ್ನ ಬಸ್ಸಲ್ಲೂ ಇದುವರೆಗೆ ಒಂದು ಮಗೂನೂ ಮಲಗಿ ಉಳಿದಿಲ್ಲ ಮಾವ," ಎಂದಳು ಟ್ವೈಲಾ. "ಆದ್ರೂ ದಿನಾ ಕೊನೇ ಸೀಟಿನವರೆಗೂ ಹೋಗಿ ಬಗ್ಗಿ ನೋಡ್ತೀನಿ. ಈಗ ನೀವು ಆಚೆ ಹೋಗಿ. ಕಾಫಿ ಡಬ್ಬಿ ಎಲ್ಲಿದೆ ಅಂತ ಗೊತ್ತಾಗಿದೆಯಲ್ಲ."

ತನ್ನದೇ ಗ್ಯಾರೇಜಿನಿಂದ ಹೊರಗೆ ಬಿದ್ದ ಆರ್ವಿಲ್ ನಾಚಿಕೆ ಬಿಟ್ಟು ಕಿಟಕಿಗೆ ಮೂಗು ಒತ್ತಿ ನಿಂತ. ಸೊಸೆ ಈ ಸಲ ತೋಟಾಗಳಿಗೆಲ್ಲ ಮೊದಲು ಮದ್ದು ಹಾಕಿ, ಬಾಯಿ ತೆರೆದಂತೆಯೇ ಸಾಲಾಗಿ ನಿಲ್ಲಿಸಿದಳು. ಟಾರ್ಚು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಒಂದೊಂದರ ಒಳಗೂ ಇಣುಕಿದಳು. ಆಮೇಲೆಯೇ ಗುಂಡು ಮುಟ್ಟಿದ್ದು. ಹಾಗೆ ಮಾಡು ಎಂದು ಅವನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಿತ್ತು ಎಂದು ಅವನಿಗೆ ಈಗ ಅನ್ನಿಸಿತು.

ಸಂಜೆಯ ಕೊನೆಯ ಬಿಸಿಲು ಗುಡ್ಡದ ನೆತ್ತಿಗೆ ಏರಿದ ಹೊತ್ತಿಗೆ ಟ್ವೈಲಾ ಹಿತ್ತಲ ಬೇಲಿಯ ಹಲಗೆ ಮೇಲೆ ಮರಳಿನ ಚೀಲ ಇಟ್ಟು ಕೋವಿ ಒರಗಿಸಿದಳು. ತೋಟಾ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಮಾವನ ಅಂಗೈ ಮುಂದೆ ಬಂತು.

"ಇತ್ತ ಕೊಡು."

"ಮಾವ, ಇದು ನಾನು ತುಂಬಿದ್ದು."

"ಗೊತ್ತು. ಕಣ್ಣು ಇನ್ನೂ ಹೋಗಿಲ್ಲ."

ತೋಟಾ ಅವನ ನಡುಗುವ ಬೆರಳಿಂದ ಜಾರಿ ಹುಲ್ಲಿಗೆ ಬಿತ್ತು. ಅವಳು ಬಗ್ಗುವ ಮೊದಲೇ ತಾನೇ ಎತ್ತಿಕೊಂಡ, ಅಂಗಿಗೆ ಒರೆಸಿ ಕೋವಿಗೆ ಹಾಕಿ ಮುಚ್ಚಿದ. ಕೆನ್ನೆಯನ್ನು ಕೋವಿಯ ಮರಕ್ಕೆ ಒತ್ತಿ, ಗುರಿಯಿಂದ ಕಣ್ಣು ತೆಗೆಯದೆ ಹೇಳಿದ:

"ಕಿವಿ ಮುಚ್ಕೊಳ್ಳೇ."