ಇನ್ನೊಂದು ಊರಿನ ‘ಆಹಾ’

ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ನಿವೇದಿತಾಳ ಕೈ ನಿಂತಿತು. ಹೆಡ್‌ಫೋನಿನಲ್ಲಿ ಸ್ಯಾಕ್ಸೊಫೋನು ಮುಗಿಯುವ ಹೊತ್ತಿಗೆ ಗಂಡಸೊಬ್ಬ ಎಳೆದು ‘ಆಹಾ’ ಎಂದಿದ್ದ. ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಅದೇ ದನಿ.

ಆ ದನಿ ಮನೆಗೆ ಬಂದವರಿಗೆಲ್ಲ ಗೊತ್ತು. ಮ್ಯಾಂಚೆಸ್ಟರಿನಲ್ಲಿ ಡಾಕ್ಟರಾಗಿದ್ದ ಮಾವ ಕುಬೇರಪ್ಪ ಅಲ್ಲಿಯ ಬಿಗ್ ಬ್ಯಾಂಡೊಂದರ ಜಾಝ್ ಕಛೇರಿಯಲ್ಲಿ, ಧಾರವಾಡದ ಬೈಠಕ್ಕಿನಲ್ಲಿ ಕೂತವರಂತೆ ‘ಆಹಾ’ ಎಂದಿದ್ದರಂತೆ. ಅದು ರೆಕಾರ್ಡಿಂಗಿನಲ್ಲಿ ಉಳಿದುಬಿಟ್ಟಿತಂತೆ. ಗಂಡ ಶಶಿಧರ ಅದನ್ನು ಕೇಳಿಸಿದಾಗಲೆಲ್ಲ ಅದು ನಿಜಕ್ಕೂ ಮಾವನ ದನಿಯೇ ಎಂದು ಅವಳಿಗೆ ಒಳಗೇ ಅನುಮಾನ. ಈಗ ಅವನ ಹುಟ್ಟುಹಬ್ಬಕ್ಕೆಂದು ಅದೇ ಬ್ಯಾಂಡಿನ ಇನ್ನೊಂದು ಲೈವ್ ಸಿ.ಡಿ. ತರಿಸಿದ್ದಳು. ಇದು ಗ್ಲಾಸ್ಗೋ ಕಛೇರಿಯದು, ಮಾವ ತೀರಿಕೊಂಡ ಎಷ್ಟೋ ದಿನದ ಮೇಲಿನದು. ಹಾಗಾದರೆ ‘ಆಹಾ’ ಎಂದವನು ಬ್ಯಾಂಡಿನವನೇ ಯಾರೋ.

“ಏನ್ ಕೇಳಾಕತ್ತಿ?” ಶಶಿಧರ ಅಡುಗೆಮನೆಗೆ ಬಂದಿದ್ದ.

“ಏನಿಲ್ರೀ, ಪಾಡ್‌ಕಾಸ್ಟು.”

“ಶನಿವಾರ ಪ್ಲೆಸೆಂಟನ್‌ನಿಂದ ತಮ್ಮ ಬರ್ತಾನ. ಅಪ್ಪಾರ ದನಿ ಕೇಳ್ಬೇಕಂತ. ಅವರು ಹೋದಾಗ ಭಾಳ ಸಣ್ಣಾಂವ ಇದ್ದ, ಅವಗ ನೆನಪ ಇಲ್ಲ.” ಸೊಪ್ಪಿನ ದಂಟೊಂದನ್ನು ಬಾಯಿಗೆ ಹಾಕಿಕೊಂಡ. “ನೀ ಮತ್ತ ಪೊಲೀಸ್ರ ಗತೆ ಮುಖ ಮಾಡ್ಕೊಂಡು ಕೂಡ್ರಬ್ಯಾಡ.”

“ನಾ ಯಾವಾಗ ಹಂಗ ಕೂತೀನಿ?”

“ಪ್ರತಿ ಸರ್ತಿ,” ಎಂದು ನಗುತ್ತ ಹೋದ.

ಅವಳು ಸಿ.ಡಿ.ಯನ್ನು ಹೊರತೆಗೆದು ಕೈಚೀಲದ ತಳಕ್ಕೆ ಹಾಕಿದಳು. ನಾಳೆ ಆಫೀಸಿಗೆ ಹೋಗುವಾಗ ಲೈಬ್ರರಿಯ ದಾನದ ಪೆಟ್ಟಿಗೆಗೆ ಹಾಕಿಬಿಡುವುದು. ಹುಟ್ಟುಹಬ್ಬಕ್ಕೆ ಒಂದು ಸ್ವೆಟರು ಕೊಟ್ಟರಾಯಿತು.