ಮಲ್ಲಾಜಮ್ಮ ಕೊಟ್ಟದ್ದು

"ಈ ಇಂಜೆಕ್ಷನ್ ಕೊಟ್ಟರೆ ನಿಮ್ಮೊಳಗಿರುವ ಕಿಡ್ನಿ ಹೋಗಬಹುದು" ಎಂದು ಡಾಕ್ಟರ್ ಪದ್ಮಶ್ರೀ ಹೇಳಿದಾಗ ಸಣ್ಣಬೀರಯ್ಯ ಅವರ ಕಡೆ ನೋಡಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯ ಮುಖ ನೋಡಿದ. ಆ ಕಿಡ್ನಿ ಅವಳದು. ಕೆಲವು ವರ್ಷಗಳ ಹಿಂದೆ ಅವನ ಎರಡೂ ಕಿಡ್ನಿ ಕೆಟ್ಟಾಗ ಮಲ್ಲಾಜಮ್ಮ ತನ್ನದೊಂದನ್ನು ಕೊಟ್ಟಿದ್ದಳು. ಈಗ ಅವನ ಶ್ವಾಸಕೋಶದಲ್ಲಿ ಕ್ಯಾನ್ಸರ್. ಕೀಮೊಗೆ ಗಡ್ಡೆ ಜಗ್ಗಿರಲಿಲ್ಲ.

ಡಾಕ್ಟರ್ ಅವಸರ ಮಾಡದೆ ವಿವರಿಸಿದರು. ಮೈಯೊಳಗೆ ಕಾವಲಿನ ಕಣಗಳಿರುತ್ತವೆ; ಕೆಟ್ಟದ್ದನ್ನು, ಹೊರಗಿನಿಂದ ಬಂದದ್ದನ್ನು ಕೊಲ್ಲುವುದು ಅವುಗಳ ಕೆಲಸ. ಕಂಪಲಾಪುರದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಸೌದೆ ಒಟ್ಟುತ್ತ, ಬೀಡಿ ಸೇದುತ್ತ ಸಣ್ಣಬೀರಯ್ಯ ಕುಡಿದ ಹೊಗೆಗೆ ಶ್ವಾಸಕೋಶದ ಕಣವೊಂದು ಕೆಟ್ಟಿರಬೇಕು. ಕಾವಲಿನವು ಅದನ್ನು ಆಗಲೇ ಮುಗಿಸಬೇಕಿತ್ತು. ಆದರೆ ಹೆಂಡತಿಯ ಕಿಡ್ನಿಯನ್ನು ಅವು ಕೊಲ್ಲದಿರಲಿ ಎಂದು ಅವನು ದಿನವೂ ನುಂಗುತ್ತಿದ್ದ ಮಾತ್ರೆ ಅವನ್ನು ಮಂಕಾಗಿಸಿತ್ತು. ಗಡ್ಡೆಯೂ ತಾನು ಈ ಮೈಯದೇ ಎಂದು ನಂಬಿಸಿ ಅವುಗಳ ಕಣ್ಣು ತಪ್ಪಿಸುತ್ತಿತ್ತು. ಹೊಸ ಇಂಜೆಕ್ಷನ್ ಆ ಮೋಸವನ್ನು ಬಯಲು ಮಾಡಿ ಕಾವಲನ್ನು ಎಬ್ಬಿಸುತ್ತದೆ. ಎದ್ದದ್ದು ಗಡ್ಡೆಯನ್ನಷ್ಟೇ ಹಿಡಿಯುತ್ತದೆಂದು ಯಾರೂ ಮಾತು ಕೊಡಲಾರರು.

"ಅಂಗಾದ್ರೆ ಬೇಡ ಬುಡಿ" ಎಂದು ಸಣ್ಣಬೀರಯ್ಯ ಎದ್ದು ಹೊರಗೆ ಬಂದ.

ಕಿಡ್ನಿ ಹಾಕಿಸಿಕೊಂಡ ಮೇಲೆ ಅವನು ಬಸ್ಸಿನ ನೂಕುನುಗ್ಗಲಿನಲ್ಲೂ ಹೊಟ್ಟೆಯ ಬಲಗಡೆಗೆ ಕೈ ಅಡ್ಡ ಇಟ್ಟುಕೊಂಡೇ ನಿಲ್ಲುತ್ತಿದ್ದ. ಜಗಳವಾಡಿ ಮಾತು ಬಿಟ್ಟ ದಿನವೂ ಚೊಂಬು ತುಂಬ ನೀರು ಕುಡಿದು, ಇದು ನಿನ್ನದಕ್ಕೆ, ನನಗಲ್ಲ ಎಂದು ಅವಳಿಗೆ ಕೇಳುವಂತೆ ಹೇಳುತ್ತಿದ್ದ. ಅದೆಲ್ಲ ಮಲ್ಲಾಜಮ್ಮನಿಗೆ ಗೊತ್ತಿತ್ತು. ಅವನ ಹಿಂದೆಯೇ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು.

"ನಾನು ಕೊಟ್ಟಿದ್ದು ನೀನು ಬದುಕ್ಲಿ ಅಂತ. ಅದು ಬದುಕ್ಲಿ ಅಂತಲ್ಲ."

"ಅದು ಹೋದ್ರೆ ನನಗೆ ಇನ್ನೇನೈತೆ?"

"ಡಯಾಲಿಸಿಸ್ ಐತೆ. ಗಡ್ಡೆಗೆ ಏನೈತೆ, ನೀನೇ ಹೇಳು."

ಸಣ್ಣಬೀರಯ್ಯ ಮತ್ತೆ ಒಳಗೆ ಹೋಗಿ ಸಹಿ ಹಾಕಿದ.

ಮೊದಲ ಇಂಜೆಕ್ಷನ್ ಆದ ಮೇಲೆ ಊರಿಗೆ ಬಂದವನಿಗೆ ಮುದ್ದೆ ರುಚಿಸಿತು. ಬೆಳಿಗ್ಗೆ ತೋಟದ ಬದುವಿನವರೆಗೆ ನಡೆದುಹೋಗಿ ಬರತೊಡಗಿದ. ಮಲ್ಲಾಜಮ್ಮ ಯಾರಿಗೂ ಹೇಳದೆ ಮನೆದೇವರಿಗೆ ಹರಕೆ ಕಟ್ಟಿದಳು. ಎರಡನೆಯ ಇಂಜೆಕ್ಷನ್ ಆದ ವಾರಕ್ಕೆ ಜ್ವರ ಬಂತು, ಕಾಲು ಊದಿತು, ಉಚ್ಚೆ ನಿಂತುಹೋಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಕಾವಲನ್ನು ಮತ್ತೆ ಮಲಗಿಸುವ ಔಷಧಿಗಳನ್ನು ಸುರಿದರು. ಕಿಡ್ನಿ ಉಳಿಯಲಿಲ್ಲ. ಅದೇ ದಿನ ಸ್ಕ್ಯಾನ್ ಕೂಡ ಬಂತು. ಗಡ್ಡೆ ಅರ್ಧಕ್ಕೆ ಇಳಿದಿದೆ, ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡಿದೆ ಎಂದು ಹೇಳಿದ ಮೇಲೂ ಪದ್ಮಶ್ರೀ ಮಂಚದ ಪಕ್ಕ ನಿಂತೇ ಇದ್ದರು.

ಡಯಾಲಿಸಿಸ್‌ಗೆ ಅವನ ಹೃದಯ ತಡೆಯಲಿಲ್ಲ. ಯಂತ್ರಕ್ಕೆ ಹಚ್ಚಿದಾಗಲೆಲ್ಲ ಬಿ.ಪಿ. ಕುಸಿದು ಪ್ರಜ್ಞೆ ತಪ್ಪುತ್ತಿತ್ತು. ಕೊನೆಗೆ ಅವನೇ, ಸಾಕು, ಊರಿಗೆ ಕರಕೊಂಡು ಹೋಗು ಎಂದ. ಮಲ್ಲಾಜಮ್ಮ ಈ ಸಲ ವಾದ ಮಾಡಲಿಲ್ಲ. ಹೋದ ಸಲ ವಾದ ಮಾಡಿ ಗೆದ್ದದ್ದನ್ನು ಅವಳು ಮರೆತಿರಲಿಲ್ಲ.

ತೀರಿಕೊಳ್ಳುವ ಹಿಂದಿನ ಸಂಜೆ ಮಂಪರಿನಿಂದ ಎಚ್ಚರವಾಗಿ ಅವಳನ್ನು ಹತ್ತಿರ ಕರೆದ.

"ನನ್ನ ಮೈ ನಿನ್ನ ಹೊರಗಿನೋಳು ಅಂದ್ಬುಡ್ತು ಕಣಮ್ಮಿ. ಬೇಜಾರ್ ಮಾಡ್ಕಬೇಡ."

ಅವಳು ಅವನ ಊದಿದ ಕಾಲು ನೀವತೊಡಗಿದಳು. ನೀವುತ್ತಲೇ ಮೆಲ್ಲಗೆ ಅಂದಳು: "ಇಷ್ಟು ವರ್ಷ ನಾನು ಗುರುತು ಸಿಗ್ದಂಗೆ ನಿನ್ನೊಳಗೇ ಇದ್ನಲ್ಲ, ಸಾಕು ಬುಡು."

ಸಣ್ಣಬೀರಯ್ಯನಿಗೆ ನಗು ಬಂತು. ಗಡ್ಡೆ ಕಾಣಿಸಿಕೊಂಡಾಗಿನಿಂದ ನಕ್ಕಾಗಲೆಲ್ಲ ರಕ್ತ ಕಾರುವಂತೆ ಕೆಮ್ಮುತ್ತಿದ್ದವನು ಅವತ್ತು ಒಂದು ಸಲವೂ ಕೆಮ್ಮಲಿಲ್ಲ.